ಸುಮ್ಮನಿರುವ ಮಗುವಿನ ನೋವನ್ನು ಕಂಡ ಜೇಮ್ಸ್ ರಾಬರ್ಟ್‌ಸನ್

ಆಸ್ಪತ್ರೆಯಲ್ಲಿ ಮಗುವಿನ ಪಕ್ಕದಲ್ಲಿ ತಾಯಿ ಇರುವುದು ಇಂದು ನಮಗೆ ಸಹಜವೆನಿಸುತ್ತದೆ. 1950ರ ಸುಮಾರಿಗೆ ಇಂಗ್ಲೆಂಡಿನ ಅನೇಕ ಆಸ್ಪತ್ರೆಗಳಲ್ಲಿ ಹೆತ್ತವರಿಗೆ ವಾರಕ್ಕೊಮ್ಮೆ ಮಾತ್ರ ಭೇಟಿಯ ಅವಕಾಶವಿತ್ತು. ತಾಯಿ ಬಂದರೆ ಮಗು ಅಳುತ್ತದೆ, ಬಾರದಿದ್ದರೆ ಬೇಗನೆ ಹೊಂದಿಕೊಳ್ಳುತ್ತದೆ ಎಂಬುದೇ ಅಂದಿನ ನಂಬಿಕೆ. ಈ ನಂಬಿಕೆಯನ್ನು ಪ್ರಶ್ನಿಸಿದವರು ಜೇಮ್ಸ್ ರಾಬರ್ಟ್‌ಸನ್.

1911ರಲ್ಲಿ ಸ್ಕಾಟ್ಲೆಂಡಿನ ಕಾರ್ಮಿಕ ಕುಟುಂಬವೊಂದರಲ್ಲಿ ಜನಿಸಿದ ಇವರು, 1941ರಲ್ಲಿ ಲಂಡನ್ನಿನ ಹ್ಯಾಂಪ್‌ಸ್ಟೆಡ್‌ನಲ್ಲಿ ಆನ್ನಾ ಫ್ರಾಯ್ಡ್ ನಡೆಸುತ್ತಿದ್ದ ಯುದ್ಧಕಾಲದ ಶಿಶುನಿಲಯವನ್ನು ಸೇರಿದರು. ಬಾಯ್ಲರ್ ನೋಡಿಕೊಳ್ಳುವುದು, ದುರಸ್ತಿ ಮಾಡುವುದು ಅವರ ಕೆಲಸ. ಅಲ್ಲಿ ಕೆಲಸಗಾರರೆಲ್ಲರೂ ತಾವು ಕಂಡ ಮಕ್ಕಳ ನಡತೆಯನ್ನು ಬರೆದಿಡಬೇಕಿತ್ತು. ನೋಡುವ ಕಣ್ಣು ಅವರಿಗೆ ಬಂದದ್ದು ಅಲ್ಲಿಯೇ.

1948ರಲ್ಲಿ ಟ್ಯಾವಿಸ್ಟಾಕ್ ಕ್ಲಿನಿಕ್‌ನಲ್ಲಿ ಡಾ. ಜಾನ್ ಬೌಲ್ಬಿಯವರ ಜೊತೆ ಸೇವೆ ಆರಂಭಿಸಿ, ಆಸ್ಪತ್ರೆಗಳಲ್ಲಿದ್ದ ಎಳೆಯ ಮಕ್ಕಳನ್ನು ಅವರು ಗಮನಿಸಿದರು. ಮಗು ಮೊದಲು ಅತ್ತು ಪ್ರತಿಭಟಿಸುತ್ತದೆ, ನಂತರ ನಿರಾಶೆಯಿಂದ ಮುದುಡುತ್ತದೆ. ಕೊನೆಗೆ ತಾಯಿ ಬಂದರೂ ಮುಖ ತಿರುಗಿಸುತ್ತದೆ. ದಾದಿಯರು ಹೊಂದಾಣಿಕೆ ಎಂದುಕೊಂಡಿದ್ದ ಮೌನ ವಾಸ್ತವದಲ್ಲಿ ಒಡೆದ ನಂಬಿಕೆಯಾಗಿತ್ತು.

ಬಾಯಿಮಾತನ್ನು ಯಾರೂ ಕೇಳದಿದ್ದಾಗ ಅವರು ಕ್ಯಾಮೆರಾ ಹಿಡಿದರು. ಹರ್ನಿಯಾ ಶಸ್ತ್ರಚಿಕಿತ್ಸೆಗೆ ಬಂದ ಎರಡು ವರ್ಷ ದಾಟಿದ ಲಾರಾ ಎಂಬ ಬಾಲೆಯ ಎಂಟು ದಿನಗಳ ಚಿತ್ರ ಅದು. ಚೆನ್ನಾದುದನ್ನೋ ಕೆಟ್ಟದ್ದನ್ನೋ ಆರಿಸಿಕೊಂಡರೆಂಬ ಆರೋಪ ಬಾರದಂತೆ ದಿನದ ನಿಗದಿತ ವೇಳೆಯಲ್ಲೇ ಚಿತ್ರೀಕರಿಸಿ, ಗೋಡೆಯ ಗಡಿಯಾರವನ್ನೂ ತೋರಿಸಿದರು. 1952ರಲ್ಲಿ ಲಂಡನ್ನಿನ ವೈದ್ಯರ ಸಭೆಯಲ್ಲಿ ಚಿತ್ರ ತೋರಿಸಿದಾಗ ಹಲವರು ಸಿಟ್ಟಾದರು. ಆದರೂ ರಾಬರ್ಟ್‌ಸನ್ ಹಿಂದೆ ಸರಿಯಲಿಲ್ಲ. ತಾಯಿಯೊಡನೆ ಆಸ್ಪತ್ರೆಯಲ್ಲಿ ಉಳಿದ ಮಗುವಿನ ಚಿತ್ರವನ್ನು 1958ರಲ್ಲಿ ಹೊರತಂದರು. 1959ರಲ್ಲಿ ಸರಕಾರಿ ಪ್ಲಾಟ್ ವರದಿಯು ಹೆತ್ತವರ ಭೇಟಿಗೆ ನಿರ್ಬಂಧ ಬೇಡ, ಎಳೆಯ ಮಕ್ಕಳ ಜೊತೆ ತಾಯಂದಿರು ಉಳಿಯಲು ಅವಕಾಶವಿರಲಿ ಎಂದು ಶಿಫಾರಸು ಮಾಡಿತು. ಜಾರಿ ನಿಧಾನವಾದಾಗ, 1961ರಲ್ಲಿ ಸಾಮಾನ್ಯ ತಾಯಂದಿರೇ ಸಂಘ ಕಟ್ಟಿ ಒತ್ತಾಯಿಸಿದರು. ಪತ್ನಿ ಜಾಯ್ಸ್ ಅವರೊಡನೆ ಕೊನೆಯವರೆಗೂ ಮಕ್ಕಳಿಗಾಗಿ ದುಡಿದ ರಾಬರ್ಟ್‌ಸನ್ 1988ರಲ್ಲಿ ನಿಧನರಾದರು.

ನಮ್ಮ ಧರ್ಮಕೇಂದ್ರಗಳಲ್ಲಿ ರೋಗಿಗಳನ್ನು ಸಂದರ್ಶಿಸುವವರಿಗೆ ಈ ಜೀವನದಲ್ಲಿ ಪಾಠವಿದೆ. ವಾರ್ಡಿನಲ್ಲಿ ಸದ್ದಿಲ್ಲದೆ ಮಲಗಿರುವ ಮಗುವನ್ನು ಜಾಣ ಮಗುವೆಂದು ಹೊಗಳಿ ಮುಂದೆ ಸಾಗದಿರೋಣ. ಸೂಜಿ ನೋಯುವುದಿಲ್ಲವೆಂದು ಸುಳ್ಳು ಹೇಳದಿರೋಣ. ತಾಯಿ ಹೊರಗೆ ಹೋಗುವಾಗ ಮಗುವಿಗೆ ಹೇಳಿಯೇ ಹೋಗಲಿ. ಆಕೆ ದಣಿದಿದ್ದರೆ ಮನೆಯಲ್ಲಿರುವ ಇತರ ಮಕ್ಕಳಿಗೆ ಊಟ ಒದಗಿಸುವುದೂ ರೋಗಿಯ ಸೇವೆಯೇ.

ಯಾಯೀರನ ಮಗಳಿದ್ದ ಕೋಣೆಗೆ ಹೋಗುವಾಗ ಪ್ರಭು ಯೇಸು ಗದ್ದಲ ಮಾಡುವವರನ್ನು ಹೊರಗೆ ಕಳುಹಿಸಿದರು. ಆದರೆ ತಂದೆ ತಾಯಿಯನ್ನು ಒಳಗೆ ಕರೆದೊಯ್ದರು. ನಾವೂ ಹಾಗೆಯೇ ಮಾಡೋಣ.