ಕೆನೆತ್ ಆಂಡರ್ಸನ್ನರ ಎರಡು ಕರಡಿಗಳು

ನರಭಕ್ಷಕ ಮೃಗಗಳ ಬೇಟೆಗಾರರೆಂದು ಹೆಸರಾದ ಕೆನೆತ್ ಆಂಡರ್ಸನ್ನರ ಜೀವನದಲ್ಲಿ ಎರಡು ಕರಡಿಗಳು ಬರುತ್ತವೆ. ಒಂದನ್ನು ಅವರು ಅರಸೀಕೆರೆಯ ಬಳಿಯ ಬೆಟ್ಟದ ಸೀಮೆಯಲ್ಲಿ ಗುಂಡಿಟ್ಟು ಕೊಂದರು. ಇನ್ನೊಂದು ಬೆಂಗಳೂರಿನ ಅವರ ಮನೆಯಲ್ಲಿ ಮಗುವಿನಂತೆ ಬೆಳೆಯಿತು. ಹುಲಿ ಚಿರತೆಗಳ ರೋಮಾಂಚಕ ಕಥೆಗಳ ನಡುವೆ ಓದುಗರು ಈ ಕರಡಿಗಳನ್ನು ಮರೆಯುವುದುಂಟು. ಆದರೆ ಆ ಮನುಷ್ಯನ ಅಂತರಂಗವನ್ನು ಅರಿಯಬೇಕೆನ್ನುವವರಿಗೆ ಈ ಎರಡು ಪ್ರಾಣಿಗಳೇ ಸರಿಯಾದ ದಾರಿ ತೋರಿಸಬಲ್ಲವು.

ಸ್ಕಾಟ್ಲೆಂಡಿನ ಮೂಲದ ಆಂಡರ್ಸನ್ ಮನೆತನ ಆರು ತಲೆಮಾರುಗಳಿಂದ ಭಾರತದಲ್ಲಿ ನೆಲೆಸಿತ್ತು. 1910ರ ಮಾರ್ಚ್ 8ರಂದು ಹೈದರಾಬಾದಿನ ಬಳಿಯ ಬೊಲಾರಮ್‌ನಲ್ಲಿ ಕೆನೆತ್ ಜನಿಸಿದರು. ತಂದೆ ಸೈನಿಕರ ಸಂಬಳದ ಲೆಕ್ಕಪತ್ರಗಳನ್ನು ನೋಡಿಕೊಳ್ಳುತ್ತಿದ್ದ ಅಧಿಕಾರಿ. ಮಗನಿಗೆ ಬೇಟೆಯ ಹುಚ್ಚು ಹತ್ತಿದ್ದು ಅವರಿಂದಲೇ. 1809ರಲ್ಲಿ ಸ್ಥಾಪನೆಯಾದ ಬೆಂಗಳೂರಿನ ದಂಡು ಆ ವೇಳೆಗೆ ಇಂಥ ಅನೇಕ ಕುಟುಂಬಗಳಿಗೆ ತವರಾಗಿತ್ತು. ಬಾಲಕ ಬಿಷಪ್ ಕಾಟನ್ ಶಾಲೆಯಲ್ಲಿಯೂ ಸೇಂಟ್ ಜೋಸೆಫ್ ಕಾಲೇಜಿನಲ್ಲಿಯೂ ಓದಿದನು. ಕಾನೂನು ಕಲಿಯಲೆಂದು ಅವನನ್ನು ಎಡಿನ್‌ಬರೋಗೆ ಕಳುಹಿಸಿದರು. ಪೂರ್ವಿಕರ ನಾಡು ಅವನಿಗೆ ಒಗ್ಗಲಿಲ್ಲ. ಓದನ್ನು ಅರ್ಧಕ್ಕೆ ಬಿಟ್ಟು ಹಿಂದಿರುಗಿದನು. ಬಳಿಕ ಹದಿನೈದು ವರ್ಷ ಅಂಚೆ ಮತ್ತು ತಂತಿ ಇಲಾಖೆಯಲ್ಲಿ ಉದ್ಯೋಗ. ಆಮೇಲೆ ಬೆಂಗಳೂರಿನ ಪೂರ್ವಕ್ಕಿರುವ ವಿಮಾನ ಕಾರ್ಖಾನೆಯಲ್ಲಿ ಯೋಜನಾ ವಿಭಾಗದ ಮ್ಯಾನೇಜರ್ ಹುದ್ದೆ. ವಾರವಿಡೀ ಕಾರ್ಖಾನೆಯ ಕಾಗದಪತ್ರ, ಬಿಡುವು ಸಿಕ್ಕಿದೊಡನೆ ಕಾಡು: ಇದು ಅವರ ಬಾಳಿನ ಕ್ರಮವಾಯಿತು.

1939ರಿಂದ 1966ರವರೆಗೆ ಅವರು ಎಂಟು ನರಭಕ್ಷಕ ಚಿರತೆಗಳನ್ನೂ ಏಳು ನರಭಕ್ಷಕ ಹುಲಿಗಳನ್ನೂ ಕೊಂದರೆಂದು ಸರ್ಕಾರದ ದಾಖಲೆಯಲ್ಲಿದೆ. 1954ರಲ್ಲಿ ಮೊದಲ ಪುಸ್ತಕ ಹೊರಬಂದ ಮೇಲೆ ಅವರ ಖ್ಯಾತಿ ದೂರ ದೇಶಗಳಿಗೂ ಹಬ್ಬಿತು. ಆ ಬರಹಗಳಲ್ಲಿ ಮತ್ತೆ ಮತ್ತೆ ಕಾಣುವ ವಿಚಾರವೊಂದಿದೆ. ಮೃಗವು ಹುಟ್ಟಿನಿಂದ ನರಭಕ್ಷಕವಲ್ಲ. ಅನೇಕ ವೇಳೆ ಯಾವನೋ ಒಬ್ಬನ ಗುರಿತಪ್ಪಿದ ಗುಂಡು ಅದನ್ನು ಕುಂಟಾಗಿಸಿ ಈ ಗತಿಗೆ ತಂದಿರುತ್ತದೆ. ಅಪರಾಧ ಯಾರದೆಂಬ ಪ್ರಶ್ನೆಯನ್ನು ಅವರು ಸತ್ತ ಮೃಗದ ಮುಂದೆ ನಿಂತು ಕೇಳಿಕೊಂಡವರು.

ಅರಸೀಕೆರೆಯ ಕರಡಿಯ ಸಂಗತಿ 1957ರಲ್ಲಿ ಪ್ರಕಟವಾದ ಪುಸ್ತಕದಲ್ಲಿದೆ. ಅದು ಕನಿಷ್ಠ ಹನ್ನೆರಡು ಜನರನ್ನು ಕೊಂದು, ಅದರ ಎರಡರಷ್ಟು ಜನರನ್ನು ಗಾಯಗೊಳಿಸಿತ್ತು. ಅದರ ಉಗುರಿಗೆ ಸಿಕ್ಕಿಯೂ ಬದುಕಿ ಉಳಿದವರ ಮುಖಗಳು ಗುರುತಿಸಲಾಗದಂತೆ ವಿಕಾರಗೊಂಡಿದ್ದವು. ಆ ಸೀಮೆಯ ದರ್ಗಾವೊಂದನ್ನು ನೋಡಿಕೊಳ್ಳುತ್ತಿದ್ದ ಆಲಂ ಬಕ್ಷ್ ಎಂಬ ವೃದ್ಧರು ಆಂಡರ್ಸನ್ನರ ಸ್ನೇಹಿತರು. ಪ್ರಾಯದ ಮಗನನ್ನು ಕರಡಿಗೆ ಕಳೆದುಕೊಂಡ ಅವರ ದುಃಖವೇ ಬೇಟೆಗಾರರನ್ನು ಅಲ್ಲಿಗೆ ಕರೆಯಿಸಿತು. ಮೊದಲ ಪ್ರಯತ್ನಗಳು ವಿಫಲವಾದ ಬಳಿಕ ಕರಡಿ ಗುಂಡಿಗೆ ಬಲಿಯಾಯಿತು. ಅದು ಅಷ್ಟು ಕ್ರೂರವಾದುದೇಕೆ? ಹಿಂದೆಂದೋ ಮನುಷ್ಯನಿಂದ ಗಾಯಗೊಂಡು ಕೆರಳಿರಬೇಕೆಂದು ಆಂಡರ್ಸನ್ನರ ಊಹೆ. ಅದು ಹೆಣ್ಣು ಕರಡಿ, ಅದರ ಮರಿಗಳನ್ನು ಮನುಷ್ಯರು ಕೊಂದುದರಿಂದ ಸೇಡು ತೀರಿಸಿಕೊಳ್ಳುತ್ತಿದೆ ಎಂಬ ಮಾತೂ ಜನರಲ್ಲಿ ಹಬ್ಬಿತ್ತು.

ಎರಡನೆಯ ಕರಡಿಯ ಕಥೆ ಆರಂಭವಾಗುವುದೂ ಮನುಷ್ಯನ ಗುಂಡಿನಿಂದಲೇ. ಮೈಸೂರಿನ ಬಳಿ ಕಬ್ಬಿನ ಗದ್ದೆಗಳಿಂದ ಕಾಡುಹಂದಿಗಳನ್ನು ಓಡಿಸುತ್ತಿದ್ದಾಗ ಕರಡಿಯೊಂದು ಬಿಸಿಲಲ್ಲಿ ಏದುತ್ತ ಹೊರಬಂತು. ಆಂಡರ್ಸನ್ನರಿಗೆ ಅದನ್ನು ಕೊಲ್ಲುವ ಮನಸ್ಸಿರಲಿಲ್ಲ. ಜೊತೆಯಲ್ಲಿದ್ದವನೊಬ್ಬನು ಕಾರಣವಿಲ್ಲದೆ ಗುಂಡು ಹಾರಿಸಿದನು. ಕೆಳಗೆ ಬಿದ್ದ ತಾಯಿಯ ಬೆನ್ನಿನ ಮೇಲಿನ ಕೂದಲು ಅಲುಗಿದಂತಾಯಿತು. ಅದು ಬೆನ್ನಿಗಂಟಿದ್ದ ಮರಿ. ತಾಯಿಯ ಹೆಣದ ಸುತ್ತ ಅಳುತ್ತ ಓಡುತ್ತಿದ್ದ ಅದನ್ನು ಆಂಡರ್ಸನ್ನರು ಅಟ್ಟಿ ಹಿಡಿದು, ಗೋಣಿಚೀಲದಲ್ಲಿ ಹಾಕಿಕೊಂಡು ಬೆಂಗಳೂರಿಗೆ ತಂದು ಪತ್ನಿಗೆ ಕಾಣಿಕೆಯಾಗಿ ಕೊಟ್ಟರು.

ಆಕೆ ಅದರ ಕೊರಳಿಗೆ ಬಣ್ಣದ ಪಟ್ಟಿ ಕಟ್ಟಿ ಬ್ರೂನೋ ಎಂದು ಹೆಸರಿಟ್ಟರು. ಸೀಸೆಯ ಹಾಲಿನಿಂದ ಆರಂಭವಾದ ಊಟ ಕೆಲವೇ ದಿನಗಳಲ್ಲಿ ಅನ್ನ, ಸಾರು, ಮಾಂಸ, ಮಿಠಾಯಿ, ಚಹ, ಮಜ್ಜಿಗೆಗಳವರೆಗೆ ಬೆಳೆಯಿತು. ಮನೆಯ ಎರಡು ಆಲ್ಸೇಷಿಯನ್ ನಾಯಿಗಳೂ ಬಾಡಿಗೆದಾರರ ಮಕ್ಕಳೂ ಅದರ ಗೆಳೆಯರಾದರು. ಒಮ್ಮೆ ಅದು ಪುಸ್ತಕದ ಕೋಣೆಯಲ್ಲಿ ಇಲಿಗಳಿಗೆಂದು ಇಟ್ಟಿದ್ದ ಬೇರಿಯಂ ಕಾರ್ಬೊನೇಟ್ ತಿಂದು ಕೈಕಾಲು ಸ್ವಾಧೀನ ತಪ್ಪಿ ಬಿತ್ತು. ಪಶುವೈದ್ಯರು ಎರಡು ಬಾರಿ ಸೂಜಿಮದ್ದು ಕೊಟ್ಟ ಮೇಲೆ ಎದ್ದು ಕುಳಿತು ಹೊಟ್ಟೆತುಂಬ ಉಂಡಿತು. ಇನ್ನೊಮ್ಮೆ ಗೆದ್ದಲಿಗೆಂದು ತೆಗೆದಿಟ್ಟಿದ್ದ ಹಳೆಯ ಎಂಜಿನ್ ಎಣ್ಣೆಯನ್ನು ಒಂದು ಗ್ಯಾಲನ್ನಿನಷ್ಟು ಕುಡಿದೂ ಅದಕ್ಕೆ ಏನೂ ಆಗಲಿಲ್ಲ.

ಮರಿ ಬೆಳೆಯಿತು. ಅಷ್ಟರಲ್ಲಿ ಅದರ ಹೆಸರು ಬಾಬಾ ಎಂದಾಗಿತ್ತು. ಕೋಲನ್ನು ಕೋವಿಯಂತೆ ಹಿಡಿಯಲು, ಮರದ ತುಂಡನ್ನು ಕೂಸಿನಂತೆ ಎತ್ತಿಕೊಳ್ಳಲು ಕಲಿತಿತ್ತು. ಆದರೂ ಬಾಡಿಗೆದಾರರ ಮಕ್ಕಳಿದ್ದ ಮನೆ. ಹೆಚ್ಚಿನ ಹೊತ್ತು ಸರಪಳಿಯಲ್ಲಿ ಕಟ್ಟಿಡಬೇಕಾಯಿತು. ಕೊನೆಗೆ ಮನಸ್ಸು ಗಟ್ಟಿಮಾಡಿ ಮೈಸೂರಿನ ಮೃಗಾಲಯಕ್ಕೆ ಕಳುಹಿಸಿದರು. ಅಲ್ಲಿ ಅದು ಊಟ ಬಿಟ್ಟು ಕೊರಗಿತು. ಇಲ್ಲಿ ಆಂಡರ್ಸನ್ನರ ಪತ್ನಿಯೂ ಕೊರಗಿದರು. ಮೂರು ತಿಂಗಳ ಬಳಿಕ ಆಕೆ ಹೋದಾಗ ಬಾಬಾ ದೂರದಿಂದಲೇ ಗುರುತು ಹಿಡಿಯಿತು. ಮೂರು ಗಂಟೆಗಳ ಕಾಲ ಆಕೆ ಬೋನಿನ ಬಳಿಯಿಂದ ಕದಲಲಿಲ್ಲ. ಮೃಗಾಲಯದ ಅಧಿಕಾರಿಗಳ ಮನಸ್ಸೂ ಕರಗಿತು. ಬೆಂಗಳೂರಿನಲ್ಲಿದ್ದ ಮೇಲಧಿಕಾರಿಯ ಅಪ್ಪಣೆ ಪಡೆದು ಬಾಬಾನನ್ನು ಬೋನಿನಲ್ಲಿಟ್ಟು, ಆ ಬೋನನ್ನು ಕಾರಿನ ಮೇಲೇರಿಸಿ ಮನೆಗೆ ತಂದರು. ಅಂಗಳದಲ್ಲಿ ಇಪ್ಪತ್ತು ಅಡಿ ಉದ್ದ, ಹದಿನೈದು ಅಡಿ ಅಗಲದ ದಿಬ್ಬವೊಂದನ್ನು ಮಾಡಿ, ಸುತ್ತಲೂ ಆರು ಅಡಿ ಅಗಲ, ಏಳು ಅಡಿ ಆಳದ ಒಣ ಕಂದಕ ತೋಡಿಸಿದರು. ಮರದ ಕೊಂಬೆಗೆ ಹಗ್ಗ ಕಟ್ಟಿ, ಅದರ ಕುಣಿಕೆಯಲ್ಲಿ ಕಾಲಿಟ್ಟು ತೂಗಿ ಆಕೆ ಆ ದಿಬ್ಬಕ್ಕೆ ದಾಟುತ್ತಿದ್ದರು. ಬೆಳೆದ ಕರಡಿ ಆಕೆಯ ತೊಡೆಯ ಮೇಲೆ ಗಂಟೆಗಟ್ಟಲೆ ಕುಳಿತಿರುತ್ತಿತ್ತು.

ಈ ಕಥೆ ದೇಶದ ಒಂಬತ್ತನೆಯ ತರಗತಿಯ ಇಂಗ್ಲಿಷ್ ಪಠ್ಯದಲ್ಲಿ ಅನೇಕ ವರ್ಷ ಇದ್ದು ಲಕ್ಷಾಂತರ ಮಕ್ಕಳ ಕಣ್ಣನ್ನು ತೇವಗೊಳಿಸಿದೆ. ಆದರೆ ವಿಚಾರಮಾಡುವ ಓದುಗನಿಗೆ ಒಂದು ಮುಳ್ಳು ಚುಚ್ಚದೆ ಇರದು. ಆ ಮರಿಗೆ ಈ ಪ್ರೀತಿಯ ಅಗತ್ಯ ಬಿದ್ದುದು ಅದರ ತಾಯಿಯನ್ನು ಮನುಷ್ಯನು ಕೊಂದುದರಿಂದ. ಒಮ್ಮೆ ಮನುಷ್ಯರ ಅನ್ನಕ್ಕೆ ಒಗ್ಗಿದ ಅದಕ್ಕೆ ಕಾಡೂ ಇಲ್ಲವಾಯಿತು, ಮೃಗಾಲಯವೂ ಸಹಿಸದಾಯಿತು. ಉಳಿದುದು ಕಂದಕದ ನಡುವಿನ ದಿಬ್ಬ ಮಾತ್ರ. ಪ್ರೀತಿ ನಿಜವಾದುದು, ಸಂದೇಹವಿಲ್ಲ. ಅನ್ಯಾಯವೂ ಅಷ್ಟೇ ನಿಜವಾದುದು. ಇಡೀ ಪ್ರಸಂಗವನ್ನು ಮರೆಮಾಚದೆ ಬರೆದಿಟ್ಟವರು ಆಂಡರ್ಸನ್ನರೇ ಎಂಬುದು ಅವರ ಹೆಗ್ಗಳಿಕೆ.

ಅಂದು ಅವರನ್ನು ಕಾನೂನು ಪ್ರಶ್ನಿಸಲಿಲ್ಲ. 1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂದಿತು. ಇಂದು ಕರಡಿಯನ್ನು ಕೊಲ್ಲುವುದೂ ಮನೆಯಲ್ಲಿ ಸಾಕುವುದೂ ಅಪರಾಧ. ಇಂಥ ತಡೆ ಇಲ್ಲದ ಕಡೆ ಏನಾಗಬಹುದೆಂಬುದಕ್ಕೆ ಅಮೆರಿಕದ ನಿದರ್ಶನವಿದೆ. ಅಲ್ಲಿ 2020ರಲ್ಲಿ ಬಂದ ಟೈಗರ್ ಕಿಂಗ್ ಎಂಬ ಸಾಕ್ಷ್ಯಚಿತ್ರಮಾಲೆಯನ್ನು ಲೋಕವೆಲ್ಲ ಬೆರಗಿನಿಂದ ನೋಡಿತು. ಹುಲಿಗಳ ಹಿಂಡನ್ನೇ ಸಾಕಿದ್ದ ಅದರ ನಾಯಕನಿಗೆ, ಹುಲಿಗಳನ್ನು ಕೊಂದುದಕ್ಕೂ ತನ್ನ ವಿರೋಧಿಯಾದ ಮಹಿಳೆಯನ್ನು ಕೊಲ್ಲಿಸಲು ಸಂಚು ಹೂಡಿದುದಕ್ಕೂ ಸೇರಿ ಆ ವರ್ಷದ ಜನವರಿಯಲ್ಲಿ 22 ವರ್ಷಗಳ ಸೆರೆವಾಸ ವಿಧಿಸಲಾಗಿತ್ತು. ಖಾಸಗಿ ಜನರು ಹುಲಿ ಸಿಂಹಗಳನ್ನು ಸಾಕುವುದನ್ನು ತಡೆಯುವ ಕಾಯಿದೆ ಆ ದೇಶದಲ್ಲಿ ಬಂದದ್ದು 2022ರಲ್ಲಿ.

ಕೊನೆಯ ವರ್ಷಗಳಲ್ಲಿ ಆಂಡರ್ಸನ್ನರು ಕೋವಿಯನ್ನು ಬಿಟ್ಟು ಕ್ಯಾಮರಾ ಹಿಡಿದು ಕಾಡಿಗೆ ಹೋಗುತ್ತಿದ್ದರು. 1974ರ ಆಗಸ್ಟ್ 30ರಂದು ಬೆಂಗಳೂರಿನಲ್ಲಿ ತೀರಿಕೊಂಡರು. ಮುಂದೆ ಪೂರ್ಣಚಂದ್ರ ತೇಜಸ್ವಿಯವರು ಅವರ ಬರಹಗಳನ್ನು ಕಾಡಿನ ಕತೆಗಳು ಎಂಬ ಹೆಸರಿನಲ್ಲಿ ಕನ್ನಡಕ್ಕೆ ತಂದರು. ದಂಡಿನ ಇಂಗ್ಲಿಷ್ ಲೇಖಕ ಕನ್ನಡ ಮನೆಮನೆಯ ಕಥೆಗಾರನಾದನು.

ಬಳ್ಳಾರಿ ಸೀಮೆಯ ದರೋಜಿಯಲ್ಲಿ 1994ರಿಂದ ಕರಡಿಗಳಿಗೆಂದೇ ಅಭಯಧಾಮವಿದೆ. ಬೀದಿಯಲ್ಲಿ ಕುಣಿಸಲ್ಪಡುತ್ತಿದ್ದ ಕರಡಿಗಳಿಗೆ 2005ರಲ್ಲಿ ಬನ್ನೇರುಘಟ್ಟದಲ್ಲಿ ಆಶ್ರಯವಾಯಿತು. ಬನ್ನೇರುಘಟ್ಟದ ಕರಡಿಗಳೂ ಬಾಬಾನಂತೆ ಮನುಷ್ಯರ ಕೈಯಲ್ಲಿ ಬೆಳೆದು ಕಾಡನ್ನು ಮರೆತವು. ದರೋಜಿಯ ಬಂಡೆಗಳ ಮೇಲೆ ಸಂಜೆ ಹೊತ್ತು ತಾಯಿಯ ಬೆನ್ನೇರಿ ಬರುವ ಮರಿಗಳಿಗೆ ಮಾತ್ರ ಆ ಗತಿ ಇಲ್ಲ. ಅವಕ್ಕೆ ಹೆಸರಿಲ್ಲ, ಕೊರಳಿಗೆ ಬಣ್ಣದ ಪಟ್ಟಿಯಿಲ್ಲ, ತಾಯಿ ಇದ್ದಾಳೆ.