ಮಕ್ಕಳಿಗೆ ಊಟ ಕೊಟ್ಟು, ತಾನು ಸವಲತ್ತು ಬೇಡವೆಂದ ಕಾಮರಾಜ

ಜುಲೈ 15 ಕೆ. ಕಾಮರಾಜರ ಜನ್ಮದಿನ. 2006ರಿಂದ ತಮಿಳುನಾಡಿನ ಶಾಲೆಗಳಲ್ಲಿ ಈ ದಿನವನ್ನು ಶಿಕ್ಷಣ ಅಭಿವೃದ್ಧಿ ದಿನವಾಗಿ ಆಚರಿಸಲಾಗುತ್ತಿದೆ. ಮಧ್ಯಾಹ್ನದ ಬಿಸಿಯೂಟ ನೀಡಿದ ಮುಖ್ಯಮಂತ್ರಿ ಎಂದು ಹೊಸೂರು, ತಾಳವಾಡಿ, ನೀಲಗಿರಿ ಭಾಗದ ಜನರಿಗೂ ಅವರು ಪರಿಚಿತರು. ಆದರೆ ಸರ್ಕಾರದ ಹಣದಲ್ಲಿ ಯಾರು ಉಣ್ಣಬೇಕು, ಯಾರು ಉಣ್ಣಬಾರದು ಎಂಬುದನ್ನು ಅವರು ತಮ್ಮ ಬದುಕಿನಲ್ಲೇ ತೋರಿಸಿಕೊಟ್ಟದ್ದು ಅಷ್ಟಾಗಿ ನೆನಪಿನಲ್ಲಿ ಉಳಿದಿಲ್ಲ.

ಕಾಮರಾಜರು ಹುಟ್ಟಿದ್ದು 1903ರಲ್ಲಿ, ವಿರುದುನಗರದಲ್ಲಿ. ಚಿಕ್ಕ ವಯಸ್ಸಿನಲ್ಲೇ ತಂದೆ ತೀರಿಕೊಂಡರು. ಶಾಲೆ ಅರ್ಧಕ್ಕೇ ನಿಂತಿತು. ಹುಡುಗ ಸೋದರಮಾವನ ಬಟ್ಟೆ ಅಂಗಡಿಯಲ್ಲಿ ಕೆಲಸಕ್ಕೆ ನಿಂತ. ಮುಂದೆ ಸ್ವಾತಂತ್ರ್ಯ ಹೋರಾಟಕ್ಕೆ ಇಳಿದು, ಹಲವು ಸಲ ಸೇರಿ ಸುಮಾರು ಒಂಬತ್ತು ವರ್ಷ ಜೈಲಿನಲ್ಲಿ ಕಳೆದರು. ಮದುವೆಯಾಗಲಿಲ್ಲ.

1954ರಲ್ಲಿ ಅವರು ಮದರಾಸು ರಾಜ್ಯದ ಮುಖ್ಯಮಂತ್ರಿಯಾದರು. ಸಂಪುಟದಲ್ಲಿ ಇದ್ದವರು ಎಂಟೇ ಮಂದಿ. ನಾಯಕನ ಆಯ್ಕೆಯಲ್ಲಿ ತಮ್ಮ ವಿರುದ್ಧ ನಿಂತಿದ್ದ ಸಿ. ಸುಬ್ರಮಣಿಯಂ ಅವರಿಗೂ ಸ್ಥಾನ ಕೊಟ್ಟರು. ಮದರಾಸಿನ ತ್ಯಾಗರಾಯನಗರದ ಬಾಡಿಗೆ ಮನೆಯಲ್ಲೇ ಅವರ ವಾಸ. ತಾಯಿ ಶಿವಕಾಮಿ ಅಮ್ಮಾಳ್ ಊರಿನ ಹಳೆ ಮನೆಯಲ್ಲೇ ಉಳಿದರು. ಮಗ ಕಳಿಸುತ್ತಿದ್ದದ್ದು ತಿಂಗಳಿಗೆ 120 ರೂಪಾಯಿ ಮಾತ್ರ ಎನ್ನುತ್ತಾರೆ. ಮುಖ್ಯಮಂತ್ರಿಯ ತಾಯಿ ಎಂದು ಪುರಸಭೆಯವರು ಆ ಮನೆಗೆ ನೇರವಾಗಿ ನಲ್ಲಿ ಹಾಕಿಸಿದ್ದರು. ವಿಷಯ ತಿಳಿದ ಕಾಮರಾಜರು ಅದನ್ನು ತೆಗೆಸಿಹಾಕಿದರು. ಊರವರೆಲ್ಲ ಬೀದಿ ನಲ್ಲಿಯಲ್ಲಿ ನೀರು ಹಿಡಿಯುವಾಗ ತಮ್ಮ ಮನೆಗೊಂದು ವಿಶೇಷ ಸೌಲಭ್ಯ ಇರುವುದು ಅವರಿಗೆ ಒಪ್ಪಿಗೆಯಾಗಲಿಲ್ಲ.

ತಮ್ಮವರ ಮಟ್ಟಿಗೆ ಇಷ್ಟು ಬಿಗಿಯಾಗಿದ್ದ ಅವರ ಕೈ ಮಕ್ಕಳ ವಿಷಯದಲ್ಲಿ ಸಡಿಲವಾಗಿತ್ತು. ಮುಚ್ಚಿದ್ದ ಶಾಲೆಗಳನ್ನು ತೆರೆಸಿದರು, ಹೊಸ ಶಾಲೆಗಳನ್ನು ಕಟ್ಟಿಸಿದರು. ಹೊಟ್ಟೆಗಿಲ್ಲದ ಮಗು ಶಾಲೆಗೆ ಬರುವುದಿಲ್ಲ ಎಂಬುದನ್ನು ಅರಿತು 1956ರಲ್ಲಿ ರಾಜ್ಯದಾದ್ಯಂತ ಬಡಮಕ್ಕಳ ಮಧ್ಯಾಹ್ನದ ಊಟಕ್ಕೆ ಚಾಲನೆ ನೀಡಿದರು. ಸರ್ಕಾರದ ಹಣದ ಜೊತೆಗೆ ಊರಿನವರ ದೇಣಿಗೆಯೂ ಸೇರಿ ಅಡುಗೆ ನಡೆಯುತ್ತಿತ್ತು. 1982ರಲ್ಲಿ ಎಂ.ಜಿ. ರಾಮಚಂದ್ರನ್ ಈ ಯೋಜನೆಯನ್ನು ಇನ್ನಷ್ಟು ವಿಸ್ತರಿಸಿದರು. 2001ರಲ್ಲಿ ಸುಪ್ರೀಂ ಕೋರ್ಟ್ ಆದೇಶದ ನಂತರ ಬಿಸಿಯೂಟ ಇತರ ರಾಜ್ಯಗಳ ಸರ್ಕಾರಿ ಶಾಲೆಗಳಿಗೂ ಬಂತು. ದಕ್ಷಿಣ ಪಿನಾಕಿನಿಗೆ ಕಟ್ಟಿದ ಕೃಷ್ಣಗಿರಿ ಅಣೆಕಟ್ಟು ಕೂಡ ಅವರ ಆಡಳಿತದ ಕಾಲದ್ದೇ.

1963ರಲ್ಲಿ ಪಕ್ಷದ ಕೆಲಸಕ್ಕೆಂದು ಅವರಾಗಿಯೇ ಅಧಿಕಾರ ಬಿಟ್ಟರು. ಮರುವರ್ಷ ಕಾಂಗ್ರೆಸ್ ಅಧ್ಯಕ್ಷರಾದರು. ಲಾಲ್ ಬಹಾದ್ದೂರ್ ಶಾಸ್ತ್ರಿ, ನಂತರ ಇಂದಿರಾ ಗಾಂಧಿ ಪ್ರಧಾನಿಯಾಗುವುದರಲ್ಲಿ ಅವರ ಪಾತ್ರ ದೊಡ್ಡದು.

ಆದರೆ ಸರಳತೆಯೊಂದೇ ಚುನಾವಣೆ ಗೆಲ್ಲಿಸುವುದಿಲ್ಲ. 1967ರ ಹೊತ್ತಿಗೆ ಅಕ್ಕಿಯ ಅಭಾವ, ಹಿಂದಿ ವಿರೋಧಿ ಚಳವಳಿ ಎರಡೂ ಕಾಂಗ್ರೆಸ್ಸಿಗೆ ಮುಳುವಾದವು. ಡಿಎಂಕೆ ಅಗ್ಗದ ಅಕ್ಕಿಯ ಭರವಸೆ ಕೊಟ್ಟಿತ್ತು. ಮಕ್ಕಳಿಗೆ ಅನ್ನ ಹಾಕಿದ ಕಾಮರಾಜರು ಸ್ವಂತ ಊರಿನಲ್ಲೇ ಒಬ್ಬ ಯುವ ವಿದ್ಯಾರ್ಥಿ ನಾಯಕನ ಎದುರು ಸೋತರು. 1969ರ ಉಪಚುನಾವಣೆಯಲ್ಲಿ ನಾಗರಕೋವಿಲ್‌ನಿಂದ ಗೆದ್ದು ಲೋಕಸಭೆಗೆ ಹೋದರು.

1975ರ ಅಕ್ಟೋಬರ್ 2ರಂದು, ಗಾಂಧಿ ಜಯಂತಿಯ ದಿನವೇ ಅವರು ತೀರಿಕೊಂಡಾಗ ಸ್ವಂತ ಆಸ್ತಿ ಎಂಬುದು ಇರಲಿಲ್ಲ. ಕೆಲವು ಜೊತೆ ಬಟ್ಟೆ, ಪುಸ್ತಕಗಳು, ಸುಮಾರು 130 ರೂಪಾಯಿ, ಇಷ್ಟೇ ಸಿಕ್ಕಿದ್ದು ಎಂದು ಹೇಳುತ್ತಾರೆ. 1976ರಲ್ಲಿ ಭಾರತರತ್ನ ಸಂದಿತು.

ಜನಪ್ರತಿನಿಧಿಗೆ ಸಂಬಳ, ಪ್ರಯಾಣ, ವಸತಿ ಬೇಕು. ಇಲ್ಲದಿದ್ದರೆ ಹಣವಂತರಷ್ಟೇ ಶಾಸಕರಾದಾರು. ಪ್ರಶ್ನೆ ಮಿತಿಯದು. ಸಂಸತ್ತಿನ ಕ್ಯಾಂಟೀನಿನಲ್ಲಿ ಸಂಸದರಿಗೆ ಅಗ್ಗದ ಊಟ ಕೊಡಲು ದಶಕಗಳ ಕಾಲ ಸರ್ಕಾರದ ಹಣ ಖರ್ಚಾಯಿತು. ಆ ಸಬ್ಸಿಡಿ ನಿಂತದ್ದು 2021ರಲ್ಲಿ. ತಮಿಳುನಾಡಿನ ಶಾಸಕರ ತಿಂಗಳ ಸಂಬಳ, ಭತ್ಯೆಯನ್ನು 55,000ದಿಂದ 1,05,000 ರೂಪಾಯಿಗೆ ಏರಿಸುವ ಘೋಷಣೆ 2017ರಲ್ಲಿ ಆಯಿತು. ಇಂಥ ಏರಿಕೆಯನ್ನು ಮಂಜೂರು ಮಾಡುವವರೂ ಶಾಸಕರೇ. ಮತ ಕೇಳಲು ಮನೆ ಬಾಗಿಲಿಗೆ ಬರುವವರ ಮುಂದೆ ಕಾಮರಾಜರು ಕೀಳಿಸಿದ ಆ ನಲ್ಲಿಯ ಮಾತನ್ನು ಎತ್ತುವ ಹಕ್ಕು ಮತದಾರನಿಗಿದೆ.