ಕುರ್ಬಾನ್ ಹುಸೇನ್: ಗಿರಣಿ ಕಾರ್ಮಿಕರ ದನಿಯಾದ ಹುತಾತ್ಮ

ಸೊಲ್ಲಾಪುರದ ನಾಲ್ವರು ಹುತಾತ್ಮರಲ್ಲಿ ಅಬ್ದುಲ್ ರಸೂಲ್ ಕುರ್ಬಾನ್ ಹುಸೇನ್ ಒಬ್ಬರು. ನಮ್ಮ ಮಕ್ಕಳು ಅವರನ್ನು ಸ್ವಾತಂತ್ರ್ಯ ಹೋರಾಟಗಾರರೆಂದು ಬಲ್ಲರು. ಅವರು ಗಿರಣಿ ಕಾರ್ಮಿಕರ ಮುಖಂಡರೂ ಪತ್ರಕರ್ತರೂ ಆಗಿದ್ದರೆಂಬುದು ಅಷ್ಟಾಗಿ ತಿಳಿದಿಲ್ಲ.

1877ರಲ್ಲಿ ಮೊದಲ ಬಟ್ಟೆ ಗಿರಣಿಯಾದ ‘ಜುನಿ ಮಿಲ್ಲು’ ಸ್ಥಾಪನೆಯಾದ ಬಳಿಕ ಸೊಲ್ಲಾಪುರವು ಗಿರಣಿಗಳ ಊರಾಗಿ ಬೆಳೆಯಿತು. ಅಕ್ಕಲಕೋಟೆ ಸೀಮೆಯ ಕನ್ನಡಿಗರು, ತೆಲುಗು ನೇಕಾರರು, ಮರಾಠಿ ಹಾಗೂ ಉರ್ದು ಮಾತಿನವರು ಒಂದೇ ಭೋಂಗಾದ ಸದ್ದಿಗೆ ಎದ್ದು ದುಡಿಯಲು ಹೊರಡುತ್ತಿದ್ದರು. 1922ರ ಕಾರ್ಖಾನೆ ಕಾಯ್ದೆ ಬಂದ ಮೇಲೂ ದಿನಕ್ಕೆ 11 ಗಂಟೆ, ವಾರಕ್ಕೆ 60 ಗಂಟೆಗಳವರೆಗೆ ದುಡಿಸಿಕೊಳ್ಳಬಹುದಾಗಿತ್ತು. ಈ ಶ್ರಮಿಕರನ್ನು ಸಂಘಟಿಸುವ ಕಾರ್ಯದಲ್ಲಿ ಕುರ್ಬಾನ್ ಹುಸೇನ್ ಎಳೆಯ ವಯಸ್ಸಿನಲ್ಲಿಯೇ ತೊಡಗಿದರು. ಲೇಖನಿಯನ್ನೂ ಅದಕ್ಕೇ ಮೀಸಲಿಟ್ಟರು.

1930ರ ಮೇ 5ರಂದು ಗಾಂಧೀಜಿಯವರ ಬಂಧನವಾದಾಗ ಗಿರಣಿಯ ಜನ ಬೀದಿಗಿಳಿದರು. ಮೇ 8ರಂದು ಪೊಲೀಸರ ಗುಂಡಿಗೆ ಜೀವಗಳು ಬಲಿಯಾದವು. ಊರು ಹೊತ್ತಿ ಉರಿಯಿತು. ಮೇ 12ರಿಂದ ಜೂನ್ 30ರವರೆಗೆ ಸರಕಾರವು ಸೊಲ್ಲಾಪುರದಲ್ಲಿ ಸೇನಾಡಳಿತವನ್ನೇ ಹೇರಿತು. ಪೊಲೀಸರ ಕೊಲೆಯ ಆರೋಪ ಹೊರಿಸಿ ಕುರ್ಬಾನ್ ಹುಸೇನ್, ಮಲ್ಲಪ್ಪ ಧನಶೆಟ್ಟಿ, ಶ್ರೀಕಿಸನ್ ಸಾರಡಾ ಹಾಗೂ ಜಗನ್ನಾಥ ಶಿಂದೆ ಅವರಿಗೆ ಮರಣದಂಡನೆ ವಿಧಿಸಲಾಯಿತು. 1931ರ ಜನವರಿ 12ರಂದು ಪುಣೆಯ ಯರವಡಾ ಸೆರೆಮನೆಯಲ್ಲಿ ನಾಲ್ವರನ್ನೂ ಗಲ್ಲಿಗೇರಿಸಲಾಯಿತು. ಕುರ್ಬಾನ್ ಹುಸೇನರದು ಆಗ ಇಪ್ಪತ್ತರ ಆಸುಪಾಸಿನ ಪ್ರಾಯ.

ಇದನ್ನು ಓದುವಾಗ ಅಮೆರಿಕದ ಶಿಕಾಗೋ ನಗರದ ಘಟನೆ ನೆನಪಾಗುತ್ತದೆ. 1886ರ ಮೇ 1ರಂದು ಅಲ್ಲಿನ ಕಾರ್ಮಿಕರು ದಿನಕ್ಕೆ 8 ಗಂಟೆಯ ದುಡಿಮೆಗಾಗಿ ಮುಷ್ಕರ ಹೂಡಿದರು. ಮೇ 4ರ ಸಭೆಯಲ್ಲಿ ಯಾರೋ ಎಸೆದ ಬಾಂಬಿನ ಹೊಣೆಯನ್ನು ಮುಖಂಡರ ತಲೆಗೆ ಕಟ್ಟಿ, 1887ರ ನವೆಂಬರ್ 11ರಂದು ನಾಲ್ವರನ್ನು ಗಲ್ಲಿಗೇರಿಸಲಾಯಿತು. ಅವರಲ್ಲೊಬ್ಬರಾದ ಆಗಸ್ಟ್ ಸ್ಪೀಸ್ ಕೂಡ ಪತ್ರಕರ್ತರೇ. ಜರ್ಮನಿಯಿಂದ ವಲಸೆ ಬಂದ ಕಾರ್ಮಿಕರಿಗಾಗಿ ಆ ಜನರ ತಾಯ್ನುಡಿಯಲ್ಲಿಯೇ ಅವರು ಪತ್ರಿಕೆ ನಡೆಸುತ್ತಿದ್ದರು. ಬಹುಭಾಷೆಯ ಊರಿನಲ್ಲಿ ದುಡಿಯುವವನ ಹಕ್ಕು ಅವನಿಗೆ ತಿಳಿಯುವ ನುಡಿಯಲ್ಲಿ ತಲುಪಬೇಕೆಂಬ ಅರಿವು ಅಲ್ಲಿತ್ತು.

ಮೇ 1 ನಮಗೆ ಮಹಾರಾಷ್ಟ್ರ ದಿನ; ಕಾರ್ಮಿಕರ ದಿನವೂ ಹೌದು. ಶಾಲೆಯಂಗಳದಲ್ಲಿ ಅಂದು ಧ್ವಜಕ್ಕೆ ವಂದಿಸುವ ಮಕ್ಕಳಿಗೆ ಅಜ್ಜ-ಮುತ್ತಜ್ಜಂದಿರ ಗಿರಣಿಯ ಬದುಕನ್ನೂ ಕುರ್ಬಾನ್ ಹುಸೇನರ ಬಲಿದಾನವನ್ನೂ ಕನ್ನಡದಲ್ಲಿ ತಿಳಿಸಬೇಕು. ತಾಯ್ನುಡಿಯಲ್ಲಿ ಕೇಳಿದ ಊರಿನ ಚರಿತ್ರೆ ಮಗುವಿಗೆ ತನ್ನದೆನಿಸುತ್ತದೆ. ಆ ಹೊಣೆ ಶಿಕ್ಷಕರದು ಎಷ್ಟೋ ಪಾಲಕರದೂ ಅಷ್ಟೇ.